ಹೆಬ್ಬೆರಳು ಜಜ್ಜಿದವರನ್ನು ಮರುದಿನವೇ ಕೆಲಸಕ್ಕೆ ಕರೆಯಬೇಡಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಸುತ್ತಿಗೆ, ಉಳಿ, ಗರಗಸ, ಪಾನಾ, ಕುಡಗೋಲು ಹಿಡಿದು ದುಡಿಯುವವರಿಗೂ, ಅವರಿಗೆ ಕೂಲಿ ಎಣಿಸುವ ಮಾಲಕರಿಗೂ, ಅವರ ಮನೆಮಂದಿಗೂ ಈ ಮನವಿ. ಕುಕನೂರು, ಕನಕಗಿರಿ, ಕಾರಟಗಿಯವರು ನಮ್ಮನ್ನು ಬಿಟ್ಟರೆಂದು ಮುನಿಸಿಕೊಳ್ಳಬೇಡಿ. ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆದಾಗ ನೀವೂ ಈ ನಾಲ್ಕರೊಳಗೇ ಇದ್ದಿರಿ.

ಕೇಳಿಕೊಳ್ಳುವುದು ಇಷ್ಟೇ. ಕೆಲಸದಲ್ಲಿ ಯಾರದೇ ಹೆಬ್ಬೆರಳಿಗೆ ಪೆಟ್ಟು ಬಿದ್ದು ಉಗುರು ಕಪ್ಪಾದರೆ, ಸೀಳಿದರೆ, ಕಿತ್ತು ಬಂದರೆ, ಅದೇ ದಿನ ಅವರನ್ನು ದವಾಖಾನೆಗೆ ಕಳಿಸಿ. ಡಾಕ್ಟರು ಹೇಳಿದಷ್ಟು ದಿನ ಆ ಕೈಗೆ ಸುತ್ತಿಗೆ ಕೊಡಬೇಡಿ. ಆ ದಿನಗಳ ಪಗಾರ ಹಿಡಿಯಬೇಡಿ.

ಇಷ್ಟು ಸಣ್ಣ ವಿಷಯಕ್ಕೂ ಮನವಿ ಬೇಕೇ ಅನ್ನಿಸಬಹುದು. ಬೇಕು, ಏಕೆಂದರೆ ನಮ್ಮಲ್ಲಿ ಈ ಗಾಯಕ್ಕೆ ಮಾನವೇ ಇಲ್ಲ. ಕಾಲು ಮುರಿದವನನ್ನು ನೋಡಲು ಓಣಿಗೆ ಓಣಿಯೇ ಬರುತ್ತದೆ, ಬಾಳೆಹಣ್ಣು ತರುತ್ತದೆ. ಉಗುರು ಜಜ್ಜಿಕೊಂಡವನಿಗೆ ಸಿಗುವುದು ನಗು ಮತ್ತು ಒಂದು ಮಾತು: "ಏನಾಗೂದಿಲ್ಲ ಬಿಡೋ, ಉಗುರು ಹ್ವಾದ್ರ ಮತ್ತ ಬರ್ತೈತಿ." ಬರುತ್ತದೆ ನಿಜ. ಹೇಗೆ ಬರುತ್ತದೆ, ಎಷ್ಟು ದಿನಕ್ಕೆ ಬರುತ್ತದೆ, ಬಂದ ಮೇಲೆ ಆ ಬೆರಳು ಮೊದಲಿನ ಹಾಗೆ ದುಡಿಯುತ್ತದೆಯೇ ಎಂಬುದನ್ನು ಯಾರೂ ಕೇಳುವುದಿಲ್ಲ. ಪೆಟ್ಟು ತಿಂದವನೂ ಅರಿವೆ ಚೂರು ಸುತ್ತಿಕೊಂಡು, ಮಾಲಕರು ನೋಡಿದರೆ ಏನೆಂದಾರೋ ಎಂದು ಕೈ ಹಿಂದೆ ಮಾಡಿಕೊಂಡು ನಿಲ್ಲುತ್ತಾನೆ.

ಕೊಪ್ಪಳದ ಹತ್ತಿರದ ಕಿನ್ನಾಳವನ್ನೇ ನೋಡಿ. ಅಲ್ಲಿನ ಗೊಂಬೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಕಿನ್ನಾಳದ ಗರುಡ, ಗೌರಿ, ಗಣಪತಿ ಎಂದರೆ ನಮಗೆಲ್ಲ ಹೆಮ್ಮೆ. ಆ ಗೊಂಬೆ ಆಗುವುದನ್ನು ಹತ್ತಿರ ಕೂತು ನೋಡಿದವರಿಗೆ ಗೊತ್ತು, ಅಲ್ಲಿ ಮರಕ್ಕಿಂತ ಹೆಚ್ಚು ದುಡಿಯುವುದು ಹೆಬ್ಬೆರಳು. ಹಗುರ ಮರದ ತುಂಡನ್ನು ಅದುಮಿ ಹಿಡಿದು ಉಳಿಗೆ ಪೆಟ್ಟು ಕೊಡುವಾಗ ಉಳಿಯ ದಾರಿ ತೋರಿಸುವುದು ಎಡಗೈ ಹೆಬ್ಬೆರಳು. ಅಂಗಾಂಗಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಅದೇ ಅಂಟು ಕಲಸಿದ ಕಿಟ್ಟವನ್ನು ಮೈಗೆಲ್ಲ ಒತ್ತಿ ನಯ ಮಾಡುವುದೂ ಅದೇ ಬೆರಳು. ಆಮೇಲೆ ಕಲ್ಲಿನ ಪುಡಿಯ ಸರಿಯಿಂದ ದೇವಿಯ ಕೊರಳಿಗೆ ಸರ, ತೋಳಿಗೆ ಬಂದಿ ಏಳಿಸಬೇಕು. ಬಣ್ಣದ ಸಣ್ಣ ಕುಂಚ ಹಿಡಿದು ಕಣ್ಣು ಬರೆಯಬೇಕು. ಉಳಿ ಜಾರಿ ಹೆಬ್ಬೆರಳ ತುದಿಗೆ ಬಿದ್ದರೆ ಕೆತ್ತುವ ಕೆಲಸವೊಂದೇ ಅಲ್ಲ, ಒತ್ತುವುದು, ನಯ ಮಾಡುವುದು, ಬರೆಯುವುದು ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ನಿಲ್ಲಿಸದೆ ಹೋದರೆ ಹಸಿ ಕಿಟ್ಟ ಗಾಯದೊಳಗೆ ಸೇರುತ್ತದೆ.

ಕುಷ್ಟಗಿಯ ಕಡೆ ಕಲ್ಲಿನ ಕೆಲಸದವರ ಚಾಣ, ದೋಟಿಹಾಳ, ಹನುಮಸಾಗರದ ನೇಕಾರರ ಎಳೆ, ಗಂಗಾವತಿಯ ರೈಸ್ ಮಿಲ್ಲುಗಳ ಬೆಲ್ಟು, ಗಿಣಿಗೇರಿ ಭಾಗದ ಕಾರ್ಖಾನೆಗಳ ಕಬ್ಬಿಣ, ಯಲಬುರ್ಗಾದ ಹೊಲದಲ್ಲಿ ರಾಶಿ ಮಷಿನ್ನು, ಊರೂರಿನ ಟ್ರ್ಯಾಕ್ಟರ್ ಗ್ಯಾರೇಜು: ಎಲ್ಲ ಕಡೆ ಕಥೆ ಇದೇ. ನೇಕಾರರ ಮಾತೇ ತೆಗೆದುಕೊಳ್ಳಿ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಮತ್ತು ಸೆರಗಿನ ಹಾಸನ್ನು ಎಳೆಗೆ ಎಳೆ ಕೂಡಿಸಬೇಕು. ಉಗುರಿಲ್ಲದ ಬೆರಳಿಂದ ಆ ಎಳೆ ಹಿಡಿಯಲಿಕ್ಕೆ ಆಗುವುದಿಲ್ಲ. ಉಗುರು ಚಂದಕ್ಕೆ ಇರುವ ವಸ್ತುವಲ್ಲ. ಬೆರಳ ತುದಿಯ ಮಾಂಸ ಏನನ್ನಾದರೂ ಒತ್ತಿದಾಗ ಹಿಂದಿನಿಂದ ಆಸರೆ ಕೊಡುವುದು ಅದೇ. ಆ ಆಸರೆ ಇದ್ದರೇ ಸೂಜಿಯ ಮೊನೆ, ದಾರದ ಗಂಟು, ಮೊಳೆಯ ತಲೆ ನಮ್ಮ ಚರ್ಮಕ್ಕೆ ನಿಚ್ಚಳವಾಗಿ ತಿಳಿಯುವುದು.

ಪೆಟ್ಟು ಬಿದ್ದಾಗ ಒಳಗೆ ಏನಾಗುತ್ತದೆ ಎಂದು ತಿಳಿದರೆ ಮುಂದಿನದು ಸುಲಭ. ಉಗುರಿನ ಕೆಳಗಿನ ಮೆತ್ತನೆ ಹಾಸಿನಲ್ಲಿ ರಕ್ತನಾಳ ಒಡೆದು ರಕ್ತ ಸೋರುತ್ತದೆ. ಮೇಲೆ ಗಟ್ಟಿ ಉಗುರು, ಕೆಳಗೆ ಎಲುಬು; ರಕ್ತಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಅಲ್ಲೇ ಹೆಪ್ಪುಗಟ್ಟಿ ಒತ್ತುತ್ತದೆ. ರಾತ್ರಿ ಎದೆಬಡಿತದ ಜೊತೆ ಬೆರಳೂ ಪಟಪಟ ಬಡಿದುಕೊಳ್ಳುವುದು ಈ ಒತ್ತಡದಿಂದ. ದವಾಖಾನೆಯಲ್ಲಿ ಇದಕ್ಕೆ ಮದ್ದು ಎರಡು ನಿಮಿಷದ್ದು. ಬೆರಳು ಸ್ವಚ್ಛ ಮಾಡಿ, ಶುದ್ಧ ಸೂಜಿಯಿಂದ ಉಗುರಿಗೆ ಸಣ್ಣ ತೂತು ಕೊರೆಯುತ್ತಾರೆ. ಉಗುರಿಗೆ ಜೀವವಿಲ್ಲ, ಹಾಗಾಗಿ ಕೊರೆಯುವಾಗ ನೋವಿಲ್ಲ. ಕಪ್ಪು ರಕ್ತ ನಾಲ್ಕು ಹನಿ ಹೊರಬರುತ್ತಲೇ, ಹಲ್ಲು ಕಚ್ಚಿ ಕೂತವನ ಮುಖ ಸಡಿಲವಾಗುತ್ತದೆ. ಇದನ್ನು ಒಂದೆರಡು ದಿನದೊಳಗೆ ಮಾಡಬೇಕು. ಆಮೇಲೆ ರಕ್ತ ಗಟ್ಟಿಯಾಗಿ ತೂತು ಕೊರೆದರೂ ಬರುವುದಿಲ್ಲ. ಮೇಸ್ತ್ರಿಯವರು ಸೈಕಲ್ ಕಡ್ಡಿ ಕಾಸಿ ಇದನ್ನೇ ಮಾಡಿದ್ದನ್ನು ಕೆಲವರು ಕಂಡಿದ್ದೀರಿ. ಬೇಡ. ಕೆಳಗೆ ಎಲುಬು ಒಡೆದಿದ್ದರೆ ಆ ತೂತಿನಿಂದ ಹೊಲಸು ನೇರ ಎಲುಬಿಗೆ ಹೋಗುತ್ತದೆ. ಒಡೆದಿದೆಯೋ ಇಲ್ಲವೋ ಹೇಳುವುದು ಎಕ್ಸ್‌ರೇ, ಮೇಸ್ತ್ರಿಯಲ್ಲ.

ದವಾಖಾನೆಗೆ ಹೊರಡುವ ಮುಂಚೆ ಮಾಡಬೇಕಾದ್ದು ಬಹಳ ಇಲ್ಲ. ಉಂಗುರವಿದ್ದರೆ ಮೊದಲು ತೆಗೆಯಿರಿ. ಬಾವು ಬಂದ ಮೇಲೆ ಅದು ಬರುವುದಿಲ್ಲ, ಕತ್ತರಿಸಬೇಕಾಗುತ್ತದೆ. ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ, ತೊಳೆದ ಅರಿವೆಯಿಂದ ಒತ್ತಿ ಹಿಡಿಯಿರಿ, ಕೈ ಎದೆಗಿಂತ ಮೇಲೆ ಇರಲಿ. ಮಂಜುಗಡ್ಡೆ ಸಿಕ್ಕರೆ ಅರಿವೆಯಲ್ಲಿ ಸುತ್ತಿ ಇಡಿ, ಬರಿ ಚರ್ಮಕ್ಕೆ ಬೇಡ. ಉಗುರು ಅರ್ಧ ಕಿತ್ತು ನೇತಾಡುತ್ತಿದ್ದರೆ ಎಳೆಯಬೇಡಿ. ಪೂರ್ತಿ ಕಿತ್ತು ಬಿದ್ದಿದ್ದರೆ ಅದನ್ನೂ ಕಟ್ಟಿಕೊಂಡು ಹೋಗಿ. ಎಷ್ಟೋ ಸಲ ಡಾಕ್ಟರು ಕೆಳಗಿನ ಹಾಸಿಗೆ ಹೊಲಿಗೆ ಹಾಕಿ, ಅದೇ ಉಗುರನ್ನು ತೊಳೆದು ಮತ್ತೆ ಮೇಲೆ ಕೂಡಿಸುತ್ತಾರೆ. ಹೊಸ ಉಗುರಿಗೆ ದಾರಿ ಸರಿಯಾಗಿ ಸಿಗಲಿ ಎಂದು. ಹಾಸು ಸೀಳಿದ್ದನ್ನು ಹಾಗೇ ಬಿಟ್ಟವರ ಉಗುರು ನಡುವೆ ಗೀರು ಬಿದ್ದು, ಎರಡು ಹೋಳಾಗಿ, ಜೀವಮಾನವಿಡೀ ಅರಿವೆಗೆ ಸಿಕ್ಕಿಕೊಳ್ಳುತ್ತದೆ.

ಹಚ್ಚಬಾರದ್ದನ್ನು ಹೇಳಲೇಬೇಕು. ಸುಣ್ಣ, ಸೀಮೆಎಣ್ಣೆ, ಕಾಫಿಪುಡಿ, ತಂಬಾಕು, ಇಂಜಿನ್ ಆಯಿಲ್ಲು, ಅಂಟಿನ ಟ್ಯೂಬು: ಇವು ಗಾಯ ಮುಚ್ಚಿದಂತೆ ಕಾಣಿಸಿ ಒಳಗೆ ಹೊಲಸು ಕಟ್ಟಿಡುತ್ತವೆ. ಅರಿಶಿನವೂ ಬೇಡ ಎಂದರೆ ಅಜ್ಜಿಯರಿಗೆ ಸಿಟ್ಟು ಬರುತ್ತದೆ. ಆದರೂ ಒಡೆದ ಉಗುರಿನೊಳಗೆ ಡಬ್ಬಿಯ ಅರಿಶಿನ ಪುಡಿ ತುಂಬುವುದು ಸರಿಯಲ್ಲ, ಅಜ್ಜಿ. ಡಾಕ್ಟರು ಅದನ್ನೆಲ್ಲ ಕೆರೆದು ತೆಗೆಯುವಾಗ ನೋವು ತಿನ್ನುವವನು ನಿಮ್ಮ ಮೊಮ್ಮಗನೇ. ಟಿಟಿ ಇಂಜೆಕ್ಷನ್ನಿನ ಲೆಕ್ಕ ಹೀಗೆ: ಮಣ್ಣು, ಸಗಣಿ, ತುಕ್ಕು ಸೇರಿದ ಗಾಯವಾಗಿ ಹಿಂದಿನ ಸೂಜಿ ಮಾಡಿಸಿ 5 ವರ್ಷ ದಾಟಿದ್ದರೆ ಮತ್ತೆ ಬೇಕು, ಸ್ವಚ್ಛ ಸಣ್ಣ ಗಾಯವಾದರೆ 10 ವರ್ಷ. ಯಾವಾಗ ಮಾಡಿಸಿದ್ದೆಂದು ನೆನಪಿಲ್ಲದವರೇ ನಮ್ಮಲ್ಲಿ ಹೆಚ್ಚು. ಅದನ್ನೂ ಮುಚ್ಚಿಡದೆ ಹೇಳಿ.

ಗ್ಯಾರೇಜಿನವರಿಗೆ ಒಂದು ಎಚ್ಚರಿಕೆ ಬೇರೆಯಾಗಿಯೇ ಹೇಳಬೇಕು. ಗ್ರೀಸ್ ಗನ್ನು, ಪೇಂಟ್ ಗನ್ನು, ಹೈಡ್ರಾಲಿಕ್ ಪೈಪಿನ ಸಣ್ಣ ಸೀಳಿನಿಂದ ಬೆರಳಿಗೆ ಎಣ್ಣೆ ಚುಚ್ಚಿಕೊಂಡರೆ ಹೊರಗೆ ಕಾಣುವುದು ಸೂಜಿಮೊನೆಯಷ್ಟು ಚುಕ್ಕೆ. ನೋವೂ ಮೊದಮೊದಲು ಅಷ್ಟಿಲ್ಲ. ಒಳಗೆ ಮಾತ್ರ ಎಣ್ಣೆ ಒತ್ತಡದಿಂದ ಬೆರಳುದ್ದಕ್ಕೂ ಹರಿದಿರುತ್ತದೆ. ತಡ ಮಾಡಿದವರು ಬೆರಳನ್ನೇ ಕಳೆದುಕೊಂಡಿದ್ದಾರೆ. ಆ ಚುಕ್ಕೆ ಕಂಡ ಗಳಿಗೆಗೇ ಹೊರಡಿ, ಎಣ್ಣೆ ಯಾವುದು ಎಂದು ಡಬ್ಬಿಯ ಹೆಸರು ಬರೆದುಕೊಂಡು ಹೋಗಿ.

ಬೆರಳೇ ತುಂಡಾದರೂ ಎದೆ ಒಡೆದುಕೊಳ್ಳಬೇಡಿ. ಪೂರ್ತಿ ಕತ್ತರಿಸಿಹೋದ ಹೆಬ್ಬೆರಳನ್ನು ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬ ಶಸ್ತ್ರವೈದ್ಯರು 1965ರಲ್ಲೇ ಮತ್ತೆ ಜೋಡಿಸಿ ತೋರಿಸಿದರು. ಈಗ ನಮ್ಮ ದೇಶದ ದೊಡ್ಡ ಊರುಗಳಲ್ಲೂ ಅದು ಆಗುತ್ತದೆ. ತುಂಡನ್ನು ನೀರಿನಲ್ಲಿ ಸಣ್ಣಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಸ್ವಚ್ಛ ಅರಿವೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿ. ತುಂಡಿಗೆ ಮಂಜುಗಡ್ಡೆ ನೇರ ತಾಗಿದರೆ ಅದು ಸತ್ತಂತೆಯೇ. 108ಕ್ಕೆ ಫೋನ್ ಮಾಡಿ, ಜೊತೆಗೇ ಬೆರಳು ಜೋಡಿಸುವ ಸೌಕರ್ಯ ಎಲ್ಲಿದೆ ಎಂದು ಡಾಕ್ಟರನ್ನು ಕೇಳಿ. ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಅಲೆಯುವುದರಲ್ಲೇ ಹೊತ್ತು ಹೋಗಬಾರದು.

ಇನ್ನು ಚೇತರಿಕೆಯ ಮಾತು. ಈ ಮನವಿಯ ನಿಜವಾದ ಕಾರಣ ಇದೇ, ಏಕೆಂದರೆ ಪಟ್ಟಿ ಕಟ್ಟಿದ ದಿನವೇ ಎಲ್ಲ ಮುಗಿಯಿತೆಂದು ಎಲ್ಲರೂ ಮರೆಯುತ್ತಾರೆ.

ಅಮೆರಿಕದ ವಿಲಿಯಂ ಬೀನ್ ಎಂಬ ವೈದ್ಯ 35 ವರ್ಷ ತನ್ನದೇ ಹೆಬ್ಬೆರಳ ಉಗುರಿಗೆ ಗೀರು ಹಾಕಿ ಅದರ ಬೆಳವಣಿಗೆ ಅಳೆದ. ಅವನ 32ನೇ ವಯಸ್ಸಿನಲ್ಲಿ ಅದು ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿತ್ತು, 67ಕ್ಕೆ ಬರುವಷ್ಟರಲ್ಲಿ 0.095ಕ್ಕೆ ಇಳಿದಿತ್ತು. ಅಂದರೆ ಹರೆಯದಲ್ಲಿ ತಿಂಗಳಿಗೆ ನಾಲ್ಕು ಮಿಲಿಮೀಟರ್ ಹತ್ತಿರ, ಮುಪ್ಪಿನಲ್ಲಿ ಮೂರರೊಳಗೆ. ಬುಡದಿಂದ ತುದಿ ಮುಟ್ಟಲು ಐದಾರು ತಿಂಗಳು. ಜೂನ್‌ನಲ್ಲಿ ಬಿತ್ತುವಾಗ ಕೂರಿಗೆಗೆ ಸಿಕ್ಕು ಕಪ್ಪಾದ ಉಗುರು ದೀಪಾವಳಿಗೆ ಪೂರ್ತಿ ಹೊಸದಾದರೆ ಪುಣ್ಯ. ಆ ಕಪ್ಪು ಕಲೆ ದಿನದಿನಕ್ಕೆ ತುದಿಯ ಕಡೆ ಸರಿಯುವುದು ನಿಮಗೇ ಕಾಣುತ್ತದೆ. ಸರಿಯದೆ ಒಂದೇ ಕಡೆ ನಿಂತಿದ್ದರೆ, ಅಥವಾ ಪೆಟ್ಟೇ ಇಲ್ಲದೆ ಕಪ್ಪು ಗೆರೆ ಮೂಡಿದ್ದರೆ, ಡಾಕ್ಟರಿಗೆ ತೋರಿಸಿ.

ಐದಾರು ತಿಂಗಳು ಮನೆಯಲ್ಲಿ ಕೂರಿ ಎಂದು ಯಾರೂ ಹೇಳುತ್ತಿಲ್ಲ. ಬರಿ ಕರಿ ಉಗುರಾದರೆ ಕೆಲವು ದಿನ, ಹೊಲಿಗೆ ಬಿದ್ದಿದ್ದರೆ ಎರಡು ವಾರದ ಆಚೆ ಈಚೆ, ತುದಿಯ ಎಲುಬು ಒಡೆದಿದ್ದರೆ ಮೂರು ನಾಲ್ಕು ವಾರ. ಬೆರಳ ತುದಿಯನ್ನು ನೆಟ್ಟಗೆ ಎತ್ತಲಾಗದೆ ಅದು ಜೋತುಬಿದ್ದಿದ್ದರೆ ಮಾತು ಬೇರೆ. ನರದಂತಿರುವ ಸ್ನಾಯುವಿನ ಎಳೆ ಹರಿದಿರುತ್ತದೆ, ಪಟ್ಟಿ ಹಾಕಿ ಆರೆಂಟು ವಾರ ಒಂದು ಸಲವೂ ಬಗ್ಗಿಸದೆ ಕಾಯಬೇಕು. ಇಲ್ಲಿ ಐದನೇ ವಾರಕ್ಕೆ "ನೋಡೂಣು, ಆಗ್ಯೈತೇನು" ಎಂದು ಬಗ್ಗಿಸಿ ನೋಡಿದರೆ ಲೆಕ್ಕ ಮತ್ತೆ ಮೊದಲಿಂದ.

ಗಾಯ ಒಣಗಿದ ಮೇಲೆ ಉಳಿಯುವ ಕಾಟ ಎರಡು: ಬೆರಳು ಸೆಟೆದುಕೊಳ್ಳುವುದು, ತುದಿ ಮುಟ್ಟಿದರೆ ಶಾಕ್ ಹೊಡೆದಂತಾಗುವುದು. ಚಳಿಗಾಲದ ಬೆಳಗ್ಗೆ ಕಬ್ಬಿಣ ಮುಟ್ಟಿದರೆ ಇನ್ನೂ ಜಾಸ್ತಿ. ಇದಕ್ಕೆ ಔಷಧಿ ಅಂಗಡಿಗಿಂತ ಮನೆಯೇ ಲೇಸು. ಡಾಕ್ಟರು ಒಪ್ಪಿದ ಮೇಲೆ, ಮೊದಲು ಹತ್ತಿಯಿಂದ ತುದಿಯನ್ನು ಸವರಿ, ಕೆಲವು ದಿನದ ನಂತರ ಮೆತ್ತನೆ ಅರಿವೆಯಿಂದ, ಆಮೇಲೆ ಒರಟು ಟವೆಲ್ಲಿನಿಂದ. ಅದಾದ ಮೇಲೆ ಬೋಗುಣಿಯಲ್ಲಿ ಜೋಳ ತುಂಬಿ ಹೆಬ್ಬೆರಳು ಅದ್ದಿ ಕಾಳುಗಳ ನಡುವೆ ಆಡಿಸಿ. ಕೈಯ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಯವರು ಅಕ್ಕಿಯ ಬಕೆಟ್ಟಿನಲ್ಲಿ ಇದನ್ನೇ ಮಾಡಿಸುತ್ತಾರೆ. ನಮ್ಮ ಮನೆಯಲ್ಲಿ ಜೋಳಕ್ಕೇನು ಬರ. ಹೆಬ್ಬೆರಳ ತುದಿಯನ್ನು ಉಳಿದ ನಾಲ್ಕೂ ಬೆರಳಿಗೆ ಒಂದೊಂದಾಗಿ ಮುಟ್ಟಿಸುವುದು, ಹಿಟ್ಟಿನ ಉಂಡೆ ಹಿಸುಕುವುದು, ಕೊನೆಗೆ ಕಾಳು ಒಂದೊಂದೇ ಹೆಕ್ಕುವುದು. ಸುತ್ತಿಗೆ ಹಿಡಿಯುವ ಮುಂಚೆ ಹೆಬ್ಬೆರಳಿಗೆ ಒಂದು ಕಾಳು ಹೆಕ್ಕಲು ಬರಬೇಕು.

ಈ ದಿನಗಳಲ್ಲಿ ಬೀಡಿ, ಸಿಗರೇಟು ಬಿಡಿ. ಹೊಗೆಸೊಪ್ಪಿನ ನಿಕೋಟಿನ್ ಬೆರಳ ತುದಿಯ ಸಣ್ಣ ರಕ್ತನಾಳಗಳನ್ನೇ ಮೊದಲು ಬಿಗಿಯುತ್ತದೆ; ಗುಟ್ಕಾದಲ್ಲಿರುವುದೂ ಅದೇ ವಿಷ. ಸಕ್ಕರೆ ಕಾಯಿಲೆ ಇದ್ದವರು ಗಾಯವನ್ನು ದಿನವೂ ಬೆಳಕಿನಲ್ಲಿ ನೋಡಿಕೊಳ್ಳಲಿ. ಎರಡನೇ ಮೂರನೇ ರಾತ್ರಿ ನೋವು ಇಳಿಯುವ ಬದಲು ಏರಿ ನಿದ್ದೆ ಕೆಡಿಸಿದರೆ, ಉಗುರುಸುತ್ತಿನ ಹಾಗೆ ಕೀವು ತುಂಬಿದರೆ, ಮುಂಗೈಯ ಕಡೆ ಕೆಂಪು ಗೆರೆ ಏರಿದರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿಗೆ ಇಳಿಯುವ ಅಕ್ಕತಂಗಿಯರ ಮಾತು ಇದಕ್ಕಿಂತ ಕಷ್ಟದ್ದು. ಕುಡಗೋಲು ತಾಗಿದ ಹೆಬ್ಬೆರಳನ್ನು ದಿನವಿಡೀ ಕೆಸರಿನಲ್ಲಿ ಅದ್ದಿದರೆ ಯಾವ ಪಟ್ಟಿಯೂ ನಿಲ್ಲದು. ಹೊಲದಿಂದ ಬಂದ ಮೇಲೆ ಎಸರಿಟ್ಟು ಹಿಟ್ಟು ನಾದಿ ರೊಟ್ಟಿ ಬಡಿಯಬೇಕು. ಬಟ್ಟೆ, ಪಾತ್ರೆ ಇದ್ದೇ ಇವೆ. ಗಂಡಸಿನ ಹೆಬ್ಬೆರಳಿಗೆ ಪೆಟ್ಟು ಬಿದ್ದರೆ ತುತ್ತು ಕಲಸಿ ಕೊಡುವ ಮನೆಗಳಲ್ಲಿ, ಹೆಂಗಸಿಗೆ ಪೆಟ್ಟು ಬಿದ್ದರೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಪಾತ್ರೆ ತೊಳೆಯುತ್ತಾಳೆ. ಅಣ್ಣಂದಿರೇ, ಎರಡು ವಾರ ರೊಟ್ಟಿ ಬಡಿಯಲು ಬಾರದಿದ್ದರೆ ಅಂಗಡಿಯಿಂದ ಕಟಕ್ ರೊಟ್ಟಿ ತನ್ನಿ. ಪಾತ್ರೆ ತೊಳೆಯಲು ಎಲ್ಲರಿಗೂ ಬರುತ್ತದೆ.

ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಲಾಗುತ್ತಿಲ್ಲ ಎಂದು ವಾಪಸು ಬರಬೇಡಿ. ಆಧಾರ್‌ನಲ್ಲಿ ಹತ್ತೂ ಬೆರಳಿನ ಗುರುತು ಇದೆ, ಬೇರೆ ಬೆರಳು ಕೊಡಿ.

ಮಾಲಕರಿಗೆ ಈಗ ಕಾಯ್ದೆಯ ಮಾತು. ನೌಕರರ ಪರಿಹಾರಕ್ಕೆಂದು 1923ರಲ್ಲಿ ಆದ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿ ಶೇ. 30 ಹೋಯಿತೆಂದು ಲೆಕ್ಕವಿತ್ತು. ತುದಿಯ ಗೆಣ್ಣು ಹೋದರೆ ಶೇ. 20, ಎಲುಬು ಉಳಿದು ತುದಿ ಮಾತ್ರ ಹಾರಿದರೂ ಶೇ. 10. ತೋರುಬೆರಳು ಇಡಿಯಾಗಿ ಹೋದರೂ ಶೇ. 14 ಅಷ್ಟೇ. ನೂರು ವರ್ಷದ ಹಿಂದೆ ಕಾಯ್ದೆ ಬರೆದವರಿಗೂ ಹೆಬ್ಬೆರಳ ಬೆಲೆ ಗೊತ್ತಿತ್ತು. ಅಂಗ ಹೋಗದೆ, ಗಾಯದಿಂದ ಕೆಲವು ವಾರ ಕೆಲಸ ನಿಂತರೂ ತಿಂಗಳ ಕೂಲಿಯ ಶೇ. 25ರಷ್ಟನ್ನು ಹದಿನೈದು ದಿನಕ್ಕೊಮ್ಮೆ ಕೊಡಬೇಕೆಂದು ಅದರಲ್ಲಿತ್ತು. 2009ರ ತಿದ್ದುಪಡಿ ದವಾಖಾನೆಯ ಖರ್ಚನ್ನೂ ಸೇರಿಸಿತು. ಕಾಯ್ದೆ ಹೇಳಿದ್ದು ಕನಿಷ್ಠದ ಮಾತು. ಪಗಾರ ಪೂರ್ತಿ ಕೊಟ್ಟು, ಎರಡು ವಾರ ಅವನನ್ನು ಲೆಕ್ಕ ಬರೆಯಲು, ಸಾಮಾನು ಎಣಿಸಲು, ಹೊಸ ಹುಡುಗನಿಗೆ ಕೆಲಸ ಹೇಳಿಕೊಡಲು ಕೂರಿಸಿದರೆ ನಿಮಗೂ ನಷ್ಟವಿಲ್ಲ.

ಆದರೆ ಕಿನ್ನಾಳದ ಮನೆಯಲ್ಲಿ ಅಪ್ಪ, ಅವ್ವ, ಮಕ್ಕಳು ಕೂತು ಗೊಂಬೆ ಮಾಡುವಾಗ ಮಾಲಕನೆಂದು ಯಾರನ್ನು ಕೇಳುವುದು? ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಸಾವಿಗೆ, ಕಣ್ಣಿಗೆ, ಇಡೀ ಕೈ ಕಾಲಿಗೆ ಹಣ ಕೊಡುತ್ತದೆ. ಹೆಬ್ಬೆರಳೊಂದಕ್ಕೆ ಏನೂ ಇಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನ, ಕಮ್ಮಾರಿಕೆ, ಗೊಂಬೆ ಮಾಡುವುದು ಸೇರಿವೆ, ಉಪಕರಣಕ್ಕೆಂದು 15,000 ರೂಪಾಯಿವರೆಗೆ ಸಿಗುತ್ತದೆ. ಅದು ಸಿಕ್ಕವರು ಹೊಸ ಉಳಿಯ ಜೊತೆ ಮರ ಹಿಡಿದಿಡುವ ಕ್ಲಾಂಪು ಸಿಗುತ್ತದೆಯೇ ಎಂದು ಕೇಳಿ. ಮರವನ್ನು ಕ್ಲಾಂಪು ಹಿಡಿದರೆ ಹೆಬ್ಬೆರಳು ಉಳಿಯ ದಾರಿಯಲ್ಲಿ ಇರಬೇಕಾಗಿಲ್ಲ.

ಕೈಗವಸಿನ ಬಗ್ಗೆ ತಪ್ಪು ತಿಳಿವಳಿಕೆಯಿದೆ. ಕಲ್ಲು ಎತ್ತುವಾಗ, ತಗಡು ಹಿಡಿಯುವಾಗ ಹಾಕಿ. ತಿರುಗುವ ಡ್ರಿಲ್ಲು, ಲೇತು, ರಾಶಿ ಮಷಿನ್ನಿನ ಮುಂದೆ ಸಡಿಲ ಕೈಗವಸು ಹಾಕಬೇಡಿ. ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಂಡೇ ಹೋಗುತ್ತದೆ. ಗ್ರೈಂಡರಿಗೆ ಮರ ಕೊಯ್ಯುವ ಬ್ಲೇಡು ಹಚ್ಚಿ, ಅಡ್ಡ ಬರುತ್ತದೆಂದು ಗಾರ್ಡು ಬಿಚ್ಚಿಟ್ಟವರು ದಯವಿಟ್ಟು ಇವತ್ತೇ ಅದನ್ನು ಹುಡುಕಿ.

ಖಂಡೇನವಮಿಗೆ ನಾವು ಪ್ರತಿ ಉಪಕರಣವನ್ನೂ ತೊಳೆದು, ಕುಂಕುಮ ಹಚ್ಚಿ, ಸಾಲಾಗಿ ಇಡುತ್ತೇವೆ. ವರ್ಷದಲ್ಲಿ ಎಲ್ಲ ಸಾಮಾನು ಒಟ್ಟಿಗೆ ಕಣ್ಣಿಗೆ ಬೀಳುವ ದಿನ ಅದೊಂದೇ. ಅವತ್ತು ಪೂಜೆಗೆ ಮುಂಚೆ ಸಡಿಲಾದ ಸುತ್ತಿಗೆಯ ಕಾವು ಬಿಗಿ ಮಾಡಿ, ತಲೆ ಅರಳಿದ ಚಾಣ ಸಾಣೆ ಹಿಡಿಯಿರಿ, ಬಿಚ್ಚಿಟ್ಟ ಗಾರ್ಡು ಹಚ್ಚಿ, ಬೆಲ್ಟಿಗೆ ಜಾಲರಿ ಕೂಡಿಸಿ. ಕಾರ್ಖಾನೆಗಳಿಗೆ 150 ಜನಕ್ಕೆ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ನಿಮ್ಮ ಅಂಗಡಿಯಲ್ಲಿ ಮೂರೇ ಜನ ಇದ್ದರೂ ಒಂದು ಇಡಿ. ಶುದ್ಧ ಗಾಜ್ ಬಟ್ಟೆ, ಬ್ಯಾಂಡೇಜು, ಸೋಪು, ಕತ್ತರಿ, ಎರಡು ಸ್ವಚ್ಛ ಪ್ಲಾಸ್ಟಿಕ್ ಕವರು, ಹತ್ತಿರದ ದವಾಖಾನೆಯ ಮತ್ತು ಆಟೋದವರ ನಂಬರು ಬರೆದ ಚೀಟಿ ಸಾಕು. ಪೆಟ್ಟಿಗೆಗೆ ಬೀಗ ಮಾತ್ರ ಹಾಕಬೇಡಿ. ಕೀಲಿ ಮಾಲಕರ ಕಿಸೆಯಲ್ಲಿರುತ್ತದೆ, ಮಾಲಕರು ಹೊಸಪೇಟೆಗೆ ಹೋಗಿರುತ್ತಾರೆ.